ಐಲನಾಯಿನ್ ಎಂದು ಬರೆದ ಅಂಗಿ

ಅಮ್ಮ ಸೂಜಿ ಕೆಳಗಿಟ್ಟಳು. ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಬೆನ್ನ ಮೇಲೆ ಅಚ್ಚಾಗಿದ್ದ ಮಾತನ್ನು ತುಟಿ ಅಲುಗಿಸುತ್ತಾ ಇನ್ನೊಮ್ಮೆ ಓದಿಕೊಂಡಳು.

"ಇದನ್ನ ಯಾರೇ ಬರೆಸಿದ್ದು?"

"ನಮ್ಮ ಸೈಕಲ್ ಗುಂಪಿನವರು, ಅಮ್ಮ. ಎಲ್ಲರ ಅಂಗಿ ಮೇಲೂ ಅದೇ ಇದೆ. ಕೆಳಗಡೆ ಒಬ್ಬೊಬ್ಬರದಕ್ಕೆ ಒಂದೊಂದು ಮಗುವಿನ ಹೆಸರು. ನನ್ನದಕ್ಕೆ ಮೀರಿಮ್ ಅಂತ ಹೊಲಿದುಕೊಡು, ಕೆಂಪು ದಾರದಲ್ಲಿ."

"ಐಲನಾಯಿನ್ ಮೀರಿಮ್ ಅಂತ ಆಗತ್ತೆ."

"ಹೂಂ. ಚೆನ್ನಾಗಿಲ್ವಾ?"

"ಇದನ್ನ ಬೆನ್ನ ಮೇಲೆ ಹಾಕ್ಕೊಂಡು ನೀನು ಸರೋವರಕ್ಕೆ ಸುತ್ತು ಬರ್ತೀಯ."

"ಪೂರ್ತಿ ಒಂದು ಸುತ್ತು."

"ಸೊನುನ್, ನಿನ್ನ ತಲೆ ನೆಟ್ಟಗಿದೆಯೇನೇ?"

ಇಸಿಕ್-ಕುಲ್ ಸರೋವರದ ಪಡುವಣ ತುದಿಯ ನಮ್ಮ ಬಾಲಿಕ್ಚಿಯಲ್ಲಿ ಐಲನಾಯಿನ್ ಎಂಬ ಮಾತಿಗೆ ಬರವಿಲ್ಲ. ಹೊಗೆ ಹಾಕಿದ ಮೀನು ಮಾರುವವಳು ಗಿರಾಕಿಗೆ ಐಲನಾಯಿನ್ ಅನ್ನುತ್ತಾಳೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗನಿಗೆ ಮುದುಕಿಯರು ಐಲನಾಯಿನ್ ಅನ್ನುತ್ತಾರೆ. ಕಂದ, ಬಂಗಾರ ಎಂದಷ್ಟೇ ಅದಕ್ಕೆ ಅರ್ಥ. ಬಿಡಿಸಿ ನೋಡಿದರೆ ಮಾತ್ರ 'ನಿನ್ನ ಸುತ್ತ ಸುತ್ತು ಬರುತ್ತೇನೆ' ಎಂದು ಆಗುತ್ತದೆ. ಹಿಂದಿನವರು ಕಾಯಿಲೆ ಬಿದ್ದ ಮಗುವಿನ ಸುತ್ತ ನಿಜವಾಗಿಯೂ ಸುತ್ತುತ್ತಿದ್ದರು. ಮಗುವಿನ ಕಾಯಿಲೆ ಸುತ್ತಿದವರ ಮೈಗೆ ಇಳಿಯುತ್ತದೆ, ಮಗು ಎದ್ದು ಕೂರುತ್ತದೆ ಎಂದು ನಂಬಿಕೆ. ಈಗಲೂ ನಮ್ಮಲ್ಲಿ ಸುಮ್ಮನೆ ಕೂತವರ ಸುತ್ತ ಒಂದು ಸುತ್ತು ನಡೆದುಬಿಟ್ಟರೆ ಹಿರಿಯರು ರೇಗುತ್ತಾರೆ, ಉಲ್ಟಾ ಸುತ್ತಿ ಅದನ್ನು ಬಿಚ್ಚು ಎನ್ನುತ್ತಾರೆ.

ನಮ್ಮ ಗುಂಪಿನವರೆಲ್ಲ ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿದವರು. ಮುದ್ದಿನ ಮಾತು ಎಂದುಕೊಂಡು ಅಚ್ಚು ಹಾಕಿಸಿದ್ದರು. ಸುತ್ತು ಹೊರಟವರ ಬೆನ್ನಿನ ಮೇಲೆ, ಕ್ಯಾನ್ಸರ್ ಆದ ಮಗುವಿನ ಹೆಸರಿನ ಜೊತೆ, ಆ ಮಾತನ್ನು ಬರೆದರೆ ಅದು ಹರಕೆಯಾಗುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳುವ ನನಗೂ ಹೊಳೆದಿರಲಿಲ್ಲ. ಅಮ್ಮನಿಗೆ ಒಂದೇ ನೋಟಕ್ಕೆ ಹೊಳೆಯಿತು.

"ಅಮ್ಮ, ಆ ಮಗು ಇರೋದು ಬಿಷ್ಕೆಕ್ ಆಸ್ಪತ್ರೇಲಿ. ನಾನು ಸುತ್ತೋದು ನೀರನ್ನ. ನೀರೊಳಗೆ ಯಾವ ಮಗು ಇದೆ?"

"ಕಾಯಿಲೆಗೆ ನಿನ್ನ ಭೂಗೋಳ ಗೊತ್ತೇನೇ? ಹೆಸರು ಹೇಳಿ ಸುತ್ತಿದ್ರೆ ಸಾಕು ಅದಕ್ಕೆ, ದಾರಿ ಹುಡುಕ್ಕೊಂಡು ಬರತ್ತೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಿಯನ್ನು ಕಸಿದುಕೊಂಡು ಹೆಸರನ್ನು ನಾನೇ ಹೊಲಿದೆ. ಅಕ್ಷರಗಳು ಸೊಟ್ಟಗಾದವು. ಅಮ್ಮ ಅವನ್ನು ನೋಡಿಯೂ ತಿದ್ದಲಿಲ್ಲ. ಕಂಡವರ ಹೊಲಿಗೆಯನ್ನೆಲ್ಲ ಬಿಚ್ಚಿ ತಿದ್ದುವ ಹೆಂಗಸು ಅವಳು.

ಅವಳ ಹೆದರಿಕೆಗೆ ಕಾರಣವಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಚಿಕ್ಕವಳಿದ್ದಾಗ ನನಗೂ ಅದೇ ಕಾಯಿಲೆಯಾಗಿತ್ತು. ರಕ್ತದ ಕ್ಯಾನ್ಸರ್. ನಮ್ಮ ಮನೆಯಲ್ಲಿ ಅದರ ಹೆಸರು ಹೇಳುವುದಿಲ್ಲ, 'ಕೆಟ್ಟ ಕಾಯಿಲೆ' ಎನ್ನುತ್ತೇವೆ. ಹಾಲುಹಲ್ಲು ಬಿದ್ದು ಹೊಸದು ಹುಟ್ಟುತ್ತಿದ್ದ ವಯಸ್ಸು. ಮೊದಲು ಮೂಗಿನಿಂದ ರಕ್ತ ಬರತೊಡಗಿತು, ಆಮೇಲೆ ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟಿತು. ಬಿಷ್ಕೆಕ್‌ನಲ್ಲಿ ಸೂಜಿ ಚುಚ್ಚಿದರು, ತಲೆಗೂದಲೆಲ್ಲ ದಿಂಬಿಗೆ ಅಂಟಿಕೊಂಡು ಬಂತು. ಒಂದು ಬೇಸಿಗೆ, ಸ್ವಲ್ಪ ದಿನ ಮನೆಯ ಗಾಳಿಯಲ್ಲಿರಲಿ ಎಂದು ಕಳಿಸಿಕೊಟ್ಟರು. ಹಾಗೆ ಕಳಿಸುವುದಕ್ಕೆ ಏನರ್ಥ ಎಂದು ದೊಡ್ಡವರಿಗೆ ತಿಳಿದಿತ್ತು.

ಆ ಮಧ್ಯಾಹ್ನ ನನಗೆ ನೆನಪಿದೆಯೋ, ಕೇಳಿ ಕೇಳಿ ನೆನಪಾಗಿದೆಯೋ, ಹೇಳಲಾರೆ. ಅಜ್ಜಿ ನನ್ನ ಹಾಸಿಗೆಯನ್ನು ಗೋಡೆಯ ಪಕ್ಕದಿಂದ ನಡುಮನೆಗೆ ಎಳೆಸಿದ್ದಳು. ಜ್ವರದಲ್ಲಿ ನನಗೆ ಹಾಸಿಗೆ ದೋಣಿಯಾಗಿತ್ತು, ಕೆಳಗೆ ಹಾಸಿದ್ದ ಉಣ್ಣೆಗಂಬಳಿಯ ಸುರುಳಿ ಚಿತ್ರಗಳೆಲ್ಲ ಅಲೆಗಳಾಗಿದ್ದವು. ಕಿಟಕಿಯಿಂದ ಹಾಲಿನಂಥ ಬೆಳಕು ಬಂದು ಅಲೆಗಳ ಮೇಲೆ ನಿಂತಿತ್ತು. ದೋಣಿಯ ಸುತ್ತ ಅಜ್ಜಿ ನಡೆಯುತ್ತಿದ್ದಳು. ಅವಳ ಬಿಳಿಯ ತಲೆವಸ್ತ್ರ ನನ್ನ ಕಾಲ ಬಳಿ ಕಾಣುತ್ತಿತ್ತು, ಆಮೇಲೆ ಕಾಣುತ್ತಿರಲಿಲ್ಲ, ಆಮೇಲೆ ಕಿವಿಯ ಹತ್ತಿರ ಅವಳ ಉಸಿರು ಕೇಳುತ್ತಿತ್ತು. "ನಿನ್ನ ಕಾಯಿಲೆ ನನಗಿರಲಿ, ನನ್ನ ಆಯಸ್ಸು ನಿನಗಿರಲಿ, ಐಲನಾಯಿನ್, ಐಲನಾಯಿನ್." ಬಾಗಿಲಲ್ಲಿ ಅಮ್ಮ ಬಟ್ಟಲು ಹಿಡಿದು ನಿಂತಿದ್ದಳು. ನನ್ನ ತಮ್ಮ ಎರ್ಮೆಕ್ ಆಗ ಅವಳ ಹೊಟ್ಟೆಯಲ್ಲಿದ್ದ. ದೋಣಿ ನಿಧಾನವಾಗಿ ತಿರುಗುತ್ತಿತ್ತು, ಮನೆ ತಿರುಗುತ್ತಿತ್ತು, ನನಗೆ ತುಂಬ ಹಾಯೆನಿಸಿ ನಿದ್ದೆ ಬಂತು.

ಜ್ವರ ಇಳಿಯಿತು. ಮತ್ತೆ ಬಿಷ್ಕೆಕ್‌ಗೆ ಕರೆದೊಯ್ದಾಗ ಔಷಧಿ ಹಿಡಿಯಿತು. ಮರುವರ್ಷ ಜಲ್ದರು ಮರ ಹೂಬಿಡುವ ಹೊತ್ತಿಗೆ ನಾನು ಅಂಗಳದಲ್ಲಿ ಓಡುತ್ತಿದ್ದೆ, ಅಜ್ಜಿಯನ್ನು ಮಣ್ಣು ಮಾಡಿ ಬಂದಿದ್ದರು. ಅವಳಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಅದು ಬಹಳ ಹಿಂದಿನದು, ಉಪ್ಪು ಹಾಕಿದ ಚಹಾ ಕುಡಿದುಕೊಂಡು ಯಾರಿಗೂ ಹೇಳದೆ ಸಹಿಸಿಕೊಂಡಿದ್ದಾಳೆ ಎಂದು ಡಾಕ್ಟರು ಹೇಳಿದರು. ಬಾಲಿಕ್ಚಿಯ ಹೆಂಗಸರು ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡು, ತಲೆದೂಗಿ, ಆಮೇಲೆ ತಮಗೆ ತೋಚಿದ್ದನ್ನೇ ಮಾತಾಡಿಕೊಂಡರು.

ಕಾಯಿಲೆ ಬಿಟ್ಟುಹೋದಾಗ ನನ್ನ ಕಾಲುಗಳು ಕಡ್ಡಿಯಾಗಿದ್ದವು. ಊರು ಬಿಟ್ಟು ರಷ್ಯಾಕ್ಕೆ ಹೊರಟಿದ್ದ ನೆರೆಯವರೊಬ್ಬರು ತಮ್ಮ ಹಳೆಯ ಸೈಕಲ್ಲನ್ನು ಅಪ್ಪನಿಗೆ ಕೊಟ್ಟು ಹೋದರು. ಅಪ್ಪ ಕುರಿ ಮೇಯಿಸುವವನು, ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿರುತ್ತಾನೆ. "ಕುದುರೆ ಹತ್ತೋಕೆ ನಿನಗೆ ಇನ್ನೂ ಬಲ ಸಾಲದು, ಈ ಕಬ್ಬಿಣದ ಕತ್ತೆ ಮೇಲೆ ಕೂತಿರು" ಎಂದು ಹೇಳಿ ಬೆಟ್ಟ ಹತ್ತಿದ. ಕೂತವಳು ಇಳಿಯಲೇ ಇಲ್ಲ. ಸರೋವರದ ದಂಡೆಯ ದಾರಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೋಗುವಾಗ ನನಗೆ ಮೈಯೇ ಇಲ್ಲವೆನಿಸುತ್ತಿತ್ತು. ಕಾಯಿಲೆ ಬಿದ್ದ ಮೈಯಿಂದ ಆಚೆ ಬಂದು ಹಗುರವಾಗಿ ತೇಲುವುದು ಎಂಥ ಸುಖ ಎಂದು ಆರೋಗ್ಯವಾಗಿ ಬೆಳೆದವರಿಗೆ ಹೇಳಿ ಪ್ರಯೋಜನವಿಲ್ಲ.

ಮೀರಿಮಳನ್ನು ನಾನು ಕಂಡದ್ದು ಈ ವಸಂತದಲ್ಲಿ, ಬಿಷ್ಕೆಕ್‌ನ ಮಕ್ಕಳ ವಾರ್ಡಿನಲ್ಲಿ. ಅವಳ ತಾಯಿ ದೂರದ ಅತ್-ಬಾಶಿಯವಳು. ಊರಲ್ಲಿದ್ದ ಹಸುವನ್ನು ಯಾರಿಗೋ ಒಪ್ಪಿಸಿ ಬಂದು ವಾರ್ಡಿನ ಹೊರಗಿನ ಕುರ್ಚಿಗಳ ಮೇಲೆ ಮಲಗುತ್ತಿದ್ದಳು. ಅಂಥ ತಾಯಂದಿರಿಗೆ ಆಸ್ಪತ್ರೆಯ ಪಕ್ಕ ಒಂದು ಮನೆ ಮಾಡಬೇಕೆಂದೇ ನಮ್ಮ ಸುತ್ತು. ನಾವು ತುಳಿಯುತ್ತೇವೆ, ಊರೂರಿನ ಜನ ಕೈಲಾದಷ್ಟು ಕೊಡುತ್ತಾರೆ.

ಮೀರಿಮಳ ತಲೆ ನುಣ್ಣಗಿತ್ತು. ನನ್ನನ್ನು ಬಹಳ ಹೊತ್ತು ನೋಡಿದಳು.

"ನಿಮಗೂ ಇದೇ ಆಗಿತ್ತಂತೆ, ಹೌದಾ ಅಕ್ಕ?"

"ಹೌದು ಪುಟ್ಟಿ."

"ಮತ್ತೆ ಕೂದಲು ಬಂದಾಗ ಗುಂಗುರು ಬಂತಾ, ನೆಟ್ಟಗೆ ಬಂತಾ?"

"ಗುಂಗುರು. ಕುರಿಮರಿ ಅಂತ ಎಲ್ಲರೂ ರೇಗಿಸ್ತಿದ್ರು."

ಅವಳಿಗೆ ಅದು ತುಂಬ ಹಿಡಿಸಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋದಳೆಂದು ನಾನು ಏಳುವಷ್ಟರಲ್ಲಿ, "ಮಧ್ಯದಲ್ಲಿ ಕಾರು ಹತ್ತಬಾರದು. ದೊಡ್ಡವರು ಮಾಡ್ತೀವಿ ಅಂತಾರೆ, ಆಮೇಲೆ ಕಾರಲ್ಲಿ ಹೋಗ್ತಾರೆ. ಪೂರ್ತಿ ಸುತ್ತಬೇಕು" ಎಂದಳು. ಪೂರ್ತಿ ಸುತ್ತುತ್ತೇನೆ ಎಂದು ಮಾತು ಕೊಟ್ಟೆ.

ಹೊರಡುವ ಬೆಳಿಗ್ಗೆ ಅಮ್ಮ ಹಿಟ್ಟಿನ ಬೋರ್ಸೋಕ್ ತುಂಡುಗಳನ್ನು ಕರಿದು ಒಂದು ಚೀಲ ತುಂಬಿಸಿ, ಎರ್ಮೆಕ್‌ನ ಹಳೆಯ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ನೀನೆಲ್ಲಿಗೆ?"

"ನನಗೂ ಗಾಳಿ ಬೇಕು."

"ಬಾಲಿಕ್ಚಿಯಲ್ಲಿ ಗಾಳಿಗೆ ಕೊರತೆಯಾ?" ಎಂದ ಎರ್ಮೆಕ್. ಇಲ್ಲಿಯ ಗಾಳಿಗೆ ಮರಗಳೇ ಒಂದು ಕಡೆಗೆ ವಾಲಿಕೊಂಡು ಬೆಳೆಯುತ್ತವೆ. ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಬಾಗಿಲು ಎಳೆದುಕೊಂಡಳು. ಉತ್ತರದ ದಾರಿಯೂ ದಕ್ಷಿಣದ ದಾರಿಯೂ ಕವಲೊಡೆಯುವಲ್ಲಿ ಯಾರೋ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಆ ಗೆರೆಯಿಂದ ನಮ್ಮ ಗುಂಪು ಹೊರಟಿತು, ಸರೋವರವನ್ನು ಬಲಕ್ಕಿಟ್ಟುಕೊಂಡು.

ಉತ್ತರದ ದಂಡೆ ಸುಲಭದ್ದು. ಪಾಪ್ಲರ್ ಮರಗಳ ನೆರಳು, ದಾರಿ ಬದಿಯಲ್ಲಿ ಬಕೆಟ್ಟಿನಲ್ಲಿ ಚೆರ್ರಿ ಮಾರುವ ಹೆಂಗಸರು. ನೀರು ಒಂದೊಂದು ತಿರುವಿಗೆ ಒಂದೊಂದು ಬಣ್ಣವಾಗುತ್ತಿತ್ತು. ಆಚೆ ದಡದ ಬೆಟ್ಟಗಳಿಗೆ ಬುಡವೇ ಇರಲಿಲ್ಲ. ಮಂಜಿನಲ್ಲಿ ಬುಡ ಕರಗಿ, ಹಿಮದ ತಲೆಗಳು ಮಾತ್ರ ಆಕಾಶದಲ್ಲಿ ನಿಂತಿದ್ದವು. ಅವನ್ನೇ ನೋಡುತ್ತಾ ತುಳಿಯುತ್ತಿದ್ದರೆ ಕಾಲು ಯಾರದೋ ಎನ್ನಿಸುವುದು. ನಾನು ಮುಂದೆ ಹೋಗುತ್ತಿಲ್ಲ, ನಾನು ನಿಂತೇ ಇದ್ದೇನೆ, ಸರೋವರವೇ ನಿಧಾನವಾಗಿ ತಿರುಗುತ್ತಿದೆ ಎನ್ನಿಸುವುದು. ಹಾಗೆ ಎನ್ನಿಸುವ ಹೊತ್ತಿಗೆ ಸರಿಯಾಗಿ ಕಾರು ಪಕ್ಕಕ್ಕೆ ಬಂದು ಅಮ್ಮನ ತಲೆ ಕಿಟಕಿಯಿಂದ ಹೊರಗೆ ಬರುತ್ತಿತ್ತು.

"ಬೋರ್ಸೋಕ್ ತಿನ್ನು."

"ಈಗ ತಾನೇ ತಿಂದೆ."

"ಹಂಗಾದ್ರೆ ಕುರುತ್ ತಿನ್ನು." ಒಣಗಿಸಿದ ಮೊಸರುಂಡೆ ನನ್ನ ಕೈಗೆ ಬರುತ್ತಿತ್ತು. "ನನಗ್ಯಾಕೋ ಮಂಡಿ ನೋವು ಕಣೇ. ಇಲ್ಲೇ ಒಂದು ದಿನ ಉಳ್ಕೊಳೋಣ್ವಾ?"

"ಕಾರಲ್ಲಿ ಕೂತವಳಿಗೆ ಮಂಡಿ ನೋವು, ತುಳಿಯೋಳಿಗೆ ಇಲ್ಲ" ಎಂದು ಎರ್ಮೆಕ್ ಹಾರ್ನ್ ಹೊಡೆಯುತ್ತಿದ್ದ.

ಮೂಡಣ ತುದಿಯ ಕರಕೋಲ್ ತಲುಪಿದಾಗ ಸಣ್ಣ ಮಳೆ ಬಂತು. ಮಾರುಕಟ್ಟೆಯಲ್ಲಿ ಖಾರದ ಅಶ್ಲ್ಯಾನ್-ಫು ತಿನ್ನುತ್ತಾ ಕೂತೆವು. ತಣ್ಣಗಿನ ಆ ಶಾವಿಗೆ ಗಂಟಲಲ್ಲಿ ಇಳಿಯುವಾಗ ದಣಿದ ಮೈಯೆಲ್ಲ ಎಚ್ಚರವಾಗುತ್ತದೆ. ಅಮ್ಮ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಬಹಳ ಯೋಚಿಸಿದವಳಂತೆ ಶುರುಮಾಡಿದಳು.

"ಸೊನುನ್, ನಾನೊಂದು ಮಾತು ಹೇಳ್ತೀನಿ. ಬಂದ ದಾರೀಲೇ ವಾಪಸ್ ಹೋಗು. ಎಷ್ಟು ಚೆನ್ನಾಗಿತ್ತು ಆ ದಾರಿ! ದೂರವೂ ಹೆಚ್ಚುಕಮ್ಮಿ ಅಷ್ಟೇ. ತುಳಿದಿದ್ದು ತುಳಿದ ಹಂಗೂ ಆಯ್ತು."

"ಸುತ್ತಿದ ಹಂಗೆ ಆಗಲಿಲ್ಲ."

"ಅಷ್ಟೇ ತಾನೆ!" ಎಂದಳು, ಅಷ್ಟು ಆಸೆಯಿಂದ, ನನಗೆ ನಗು ಬಂತು. ನಕ್ಕದ್ದು ಅವಳಿಗೆ ನೋವಾಯಿತು. ಮುಖ ಗಂಟಿಕ್ಕಿಕೊಂಡು ಮಳೆಯನ್ನು ನೋಡುತ್ತಾ ಕೂತಳು.

"ಅಮ್ಮ, ಅಜ್ಜಿಗೆ ಗಡ್ಡೆ ಮೊದಲಿಂದ ಇತ್ತು. ಡಾಕ್ಟರು ಹೇಳಿದ್ದಾರೆ."

"ಡಾಕ್ಟರು ಬಾಗಿಲಲ್ಲಿ ನಿಂತಿದ್ರಾ? ನಾನು ನಿಂತಿದ್ದೆ."

ಎರ್ಮೆಕ್ ಅವಳ ಬಟ್ಟಲಿನ ಶಾವಿಗೆಯನ್ನೂ ತನ್ನ ಬಟ್ಟಲಿಗೆ ಸುರಿದುಕೊಂಡು ತಿಂದ. ಅಂಥ ಹೊತ್ತಿನಲ್ಲಿ ತಿನ್ನುವುದು ಅವನ ಅಭ್ಯಾಸ.

ದಕ್ಷಿಣದ ದಂಡೆಗೆ ತಿರುಗಿದ ಮೇಲೆ ಗುಂಪು ಚದುರಿತು. ಬಲ ಇದ್ದವರು ಮುಂದೆ ಹೋದರು. ನಾನು, ನನ್ನ ಹಿಂದೆ ಆ ಕಾರು, ಅಷ್ಟೇ. ಇಲ್ಲಿ ಮರಗಳು ಕಡಿಮೆ, ಗುಡ್ಡಗಳು ಕೆಂಪು, ಮನೆಗಳ ಮಾಡಿನ ಮೇಲೆ ಜಲ್ದರು ಹಣ್ಣು ಒಣಗಿಸಿದ್ದರು. ಒಂದು ಕಡೆ ನೀರು ಪೂರಾ ನಿಶ್ಚಲವಾಗಿತ್ತು. ಉತ್ತರದ ಬೆಟ್ಟಗಳು ಅದರೊಳಗೆ ತಲೆಕೆಳಗಾಗಿ ನಿಂತಿದ್ದವು. ಆ ಬೆಟ್ಟಗಳ ಬುಡದಲ್ಲಿ ನಾನು ಮೊದಲ ದಿನ ತುಳಿದು ಹೋದ ದಾರಿ ಇದೆ ಎಂದು ನೆನೆಸಿಕೊಂಡೆ. ಆ ದಾರಿಯಲ್ಲಿ ಇನ್ನೂ ಒಬ್ಬಳು ಹೋಗುತ್ತಿರಬಹುದು ಎನಿಸಿತು. ಬೋಳು ತಲೆಯವಳು, ಕಡ್ಡಿಕಾಲಿನವಳು. ಅವಳು ಈ ಕಡೆ ನೋಡಿದರೆ ನಾನು ಕಾಣುತ್ತೇನೆಯೇ? ನಾನು ಬದುಕಿದೆ ಎಂದು ಅವಳಿಗೆ ಕೂಗಿ ಹೇಳಬೇಕೆನಿಸಿತು. ಕೂಗಿಯೂ ಬಿಟ್ಟೆ. ಸ್ವರ ನೀರಿನ ಮೇಲೆ ಬಹಳ ದೂರ ಹೋಯಿತು. ಹಿಂದೆ ಕಾರಿನಲ್ಲಿ ಅಮ್ಮ, "ಬಿಸಿಲು ತಲೆಗೇರಿದೆ ಅವಳಿಗೆ, ನಿಲ್ಲಿಸೋ" ಎಂದದ್ದು ಕೇಳಿಸಿತು.

ಕೊನೆಯ ದಿನ ಉಲಾನ್ ಎದ್ದಿತು. ಪಡುವಣದ ಕಣಿವೆಯಿಂದ ನುಗ್ಗಿ ಬರುವ ಗಾಳಿ ಅದು. ಊರಿಗೆ ಮರಳುವವರಿಗೆ ಎದುರುಗಾಳಿ. ಮರಳು ಹಲ್ಲಿಗೆ ಸಿಕ್ಕಿತು, ತುಟಿ ಒಡೆಯಿತು. ಬಾಲಿಕ್ಚಿಯ ಹಳೆಯ ಬಂದರಿನ ಕ್ರೇನುಗಳು ದೂರದಲ್ಲಿ ಕಾಣಿಸಿಕೊಂಡವು, ಎಷ್ಟು ತುಳಿದರೂ ಹತ್ತಿರ ಬರಲಿಲ್ಲ. ಆಗ ಮೇಲ್ದುಟಿಯ ಮೇಲೆ ಬೆಚ್ಚಗೆ ಏನೋ ಹರಿಯಿತು. ಒರೆಸಿಕೊಂಡೆ. ಕೈ ಕೆಂಪಾಯಿತು.

ಒಣಗಾಳಿಗೆ ಯಾರ ಮೂಗಿನಲ್ಲೂ ರಕ್ತ ಬರುತ್ತದೆ. ಎರ್ಮೆಕ್‌ಗೆ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಅದೆಲ್ಲ ಗೊತ್ತಿದ್ದೂ ಹೆದರಿದೆ. ಕಾಯಿಲೆಯಿಂದ ಎದ್ದು ಬಂದವರಿಗೆ ತಮ್ಮ ರಕ್ತವನ್ನು ತಾವೇ ನಂಬುವುದು ಬಹಳ ಕಷ್ಟ.

ಕಾರು ನನ್ನನ್ನು ದಾಟಿ ಮುಂದೆ ಹೋಗಿ ದಾರಿಗೆ ಅಡ್ಡ ನಿಂತಿತು. ಅಮ್ಮ ಇಳಿದು ಬಂದಳು. ಗಾಳಿಗೆ ಅವಳ ತಲೆವಸ್ತ್ರ ಬಿಚ್ಚಿಹೋಗುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನನ್ನ ಸೈಕಲ್ಲಿನ ಹಿಡಿಯನ್ನು ಹಿಡಿದಳು. ನನ್ನ ಅಂಗಿಯ ಎದೆಯ ಮೇಲೆ ರಕ್ತದ ಹನಿಗಳಿದ್ದವು.

"ಇಳಿ."

"ಅಮ್ಮ, ಒಣಗಾಳಿ ಇದು. ಬಿಡು. ಇನ್ನು ಸ್ವಲ್ಪ ದೂರ ಇದೆ ಅಷ್ಟೇ."

"ಅದಕ್ಕೇ ಇಳಿ ಅಂದಿದ್ದು. ಇನ್ನೂ ಸುತ್ತು ಕೂಡಿಲ್ಲ."

"ನಾನು ಆ ಮಗುಗೆ ಮಾತು ಕೊಟ್ಟಿದ್ದೀನಿ. ಕಾರು ಹತ್ತಲ್ಲ ಅಂದಿದ್ದೀನಿ. ದೊಡ್ಡವರೆಲ್ಲ ಸುಳ್ಳು ಹೇಳ್ತಾರೆ ಅಂತ ಆಗಲೇ ಗೊತ್ತಿದೆ ಅದಕ್ಕೆ. ಇಷ್ಟಕ್ಕೆ ನಿಲ್ಲಿಸಿದ್ರೆ ಅವಳಿಗೆ ಏನು ಹೇಳಲಿ?"

"ಅರ್ಧಕ್ಕೆ ನಿಲ್ಲಿಸು ಅಂತ ನಾನೆಲ್ಲಿ ಹೇಳಿದೆ? ಮಿಕ್ಕಿದ್ದು ನಾನು ನಡೀತೀನಿ."

ಗಾಳಿಯ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲವೇನೋ ಎಂದುಕೊಂಡೆ. ಎರ್ಮೆಕ್ ಕಾರಿನಿಂದ ಇಳಿದು ಬಂದ. ಅಮ್ಮ ಅವನನ್ನೊಮ್ಮೆ ನೋಡಿ, ಆಮೇಲೆ ನೆಲ ನೋಡುತ್ತಾ ಮಾತಾಡಿದಳು.

"ಆವತ್ತು ಸುತ್ತಬೇಕಾಗಿದ್ದಿದ್ದು ನಾನು. ಹೆತ್ತವಳು ನಾನು. ಹಾಸಿಗೆ ಎಳೆಸಿ, ನಿನ್ನ ಅಜ್ಜಿ ನನ್ನ ಮುಖ ನೋಡಿದ್ರು. ಬಾ ಅನ್ನಲಿಲ್ಲ, ನೋಡಿದ್ರು ಅಷ್ಟೇ. ನನ್ನ ಕಾಲು ಬರಲಿಲ್ಲ."

"ಹೊಟ್ಟೇಲಿ ಇವನಿದ್ದ ಅಲ್ವಾ ಅಮ್ಮ."

"ಹಂಗಂತ ಎಲ್ಲರಿಗೂ ಹೇಳಿದ್ದು. ನಿನ್ನ ಅಜ್ಜೀನೂ ಹಂಗೇ ಹೇಳಿ ನನ್ನ ಮಾನ ಉಳಿಸಿದ್ರು. ಇವನ ನೆನಪೇ ಇರಲಿಲ್ಲ ಕಣೇ ನನಗೆ ಆ ಹೊತ್ತಲ್ಲಿ. ನನಗೆ ನನ್ನ ಜೀವದ ಮೇಲೆ ಆಸೆಯಾಯ್ತು. ಮಗು ಸಾಯ್ತಿದೆ, ನಾನು ಬಟ್ಟಲು ಹಿಡ್ಕೊಂಡು ಬಾಗಿಲಲ್ಲಿ ನಿಂತು, ಅಯ್ಯೋ ನನಗೆ ಬಂದುಬಿಟ್ರೆ ಅಂತಿದ್ದೀನಿ." ಹಾರುತ್ತಿದ್ದ ತಲೆವಸ್ತ್ರವನ್ನು ಗದ್ದದ ಕೆಳಗೆ ಎಳೆದುಕೊಂಡಳು. "ನಾನು ಯಾವತ್ತಾದ್ರೂ ನಿನ್ನನ್ನ ಐಲನಾಯಿನ್ ಅಂತ ಕರೆದಿದ್ದೀನಾ? ಯೋಚನೆ ಮಾಡು. ಇವನನ್ನ ಕರೀತೀನಿ. ಪಕ್ಕದ ಮನೆ ನಾಯಿಮರೀನ ಕರೀತೀನಿ. ನಿನ್ನನ್ನ ಕರೆಯೋಕೆ ಬಾಯಿ ಬರಲ್ಲ ನನಗೆ."

ಯೋಚಿಸಿದೆ. ಅವಳು ಹೇಳಿದ್ದು ನಿಜ. ನನಗೆ ಬೈಗುಳ ಸಿಕ್ಕಿತ್ತು, ಊಟ ಸಿಕ್ಕಿತ್ತು, ಜ್ವರ ಬಂದಾಗ ತಣ್ಣೀರ ಬಟ್ಟೆ ಸಿಕ್ಕಿತ್ತು. ಆ ಮಾತು ಒಂದು ದಿನವೂ ಸಿಕ್ಕಿರಲಿಲ್ಲ, ಸಿಕ್ಕಿಲ್ಲವೆಂದು ನನಗೆ ಗೊತ್ತೂ ಆಗಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದಳಲ್ಲ ಎನಿಸಿತು.

"ಅಂಗಿ ಬಿಚ್ಚಿಕೊಡು" ಎಂದಳು.

ಕಾರಿನ ಮರೆಯಲ್ಲಿ ಬಿಚ್ಚಿಕೊಟ್ಟು ಎರ್ಮೆಕ್‌ನ ಕೋಟು ಹಾಕಿಕೊಂಡೆ. ಅಮ್ಮ ತನ್ನ ಉದ್ದ ನಿಲುವಂಗಿಯ ಮೇಲೆಯೇ ಆ ನೀಲಿ ಅಂಗಿಯನ್ನು ಎಳೆದೆಳೆದು ತೊಟ್ಟಳು. ಹೊಟ್ಟೆಯ ಮೇಲೆ ಅದು ಬಿಗಿದು ಮೇಲಕ್ಕೇರಿತು.

"ಹೆಂಗೆ ಕಾಣ್ತೀನೋ?"

"ಎಂಬತ್ತು ಕಿಲೋ ಆಲೂಗಡ್ಡೆ ಚೀಲದ ಹಂಗೆ" ಎಂದ ಎರ್ಮೆಕ್. ಅವನ ಕಣ್ಣು ತುಂಬಿತ್ತು.

"ಥೂ, ನಿನ್ನ ಬಾಯಿಗಿಷ್ಟು" ಎಂದು ಅಮ್ಮ ಗಾಳಿಗೆದುರಾಗಿ ಹೊರಟಳು.

ಮಂಡಿ ನೋವು ಸುಳ್ಳಾಗಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಒಂದು ಕಡೆಗೆ ವಾಲತೊಡಗಿದಳು. ನನ್ನ ಹೆಗಲು ಹಿಡಿದುಕೋ ಎಂದರೆ ಒಲ್ಲೆ ಎಂದಳು. ಸೈಕಲ್ಲನ್ನೇ ಅವಳ ಕೈಗೆ ಕೊಟ್ಟೆ. ಅವಳು ಅದರ ಹಿಡಿಯ ಮೇಲೆ ಭಾರ ಹಾಕಿ ತಳ್ಳುತ್ತಾ ನಡೆದಳು. ಹಿಂದಿನಿಂದ ಸೀಟು ಹಿಡಿದುಕೊಂಡು ನಾನು ನಡೆದೆ. ಗಾಳಿ ಮರಳನ್ನು ಎತ್ತಿ ದಾರಿಯ ಮೇಲೆ ಹರಿಯಿಸುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಬಲಗಡೆ ಸರೋವರ ಬಿಳಿಯ ನೊರೆಯಾಗಿ ಕುದಿಯುತ್ತಿತ್ತು. ಅವಳ ಬೆನ್ನ ಮೇಲೆ ನನ್ನ ಸೊಟ್ಟ ಅಕ್ಷರಗಳು ಉಸಿರಿಗೆ ಏರಿ ಇಳಿಯುತ್ತಿದ್ದವು. ಎಷ್ಟು ಹೊತ್ತು ಹಾಗೆ ನಡೆದೆವೋ ತಿಳಿಯದು. ಅವಳು ಏನೋ ಹೇಳಿಕೊಳ್ಳುತ್ತಿದ್ದಳು, ಗಾಳಿ ಅದನ್ನು ತುಂಡು ತುಂಡು ಮಾಡಿ ನನ್ನ ಕಡೆ ಎಸೆಯುತ್ತಿತ್ತು. ಆ ಮಗುವಿನ ಹೆಸರು ಒಮ್ಮೆ ಕೇಳಿಸಿತು, ಆಮೇಲೆ ನನ್ನ ಹೆಸರು ಕೇಳಿಸಿತು.

ಸುಣ್ಣದ ಗೆರೆ ಮುಕ್ಕಾಲು ಅಳಿಸಿಹೋಗಿತ್ತು. ಅದರಾಚೆ ಮೊದಲೇ ತಲುಪಿದ ಗುಂಪಿನವರು ಗೋಡೆಯ ಮರೆಯಲ್ಲಿ ಚಹಾ ಕುಡಿಯುತ್ತಿದ್ದರು. ನಮ್ಮನ್ನು ಕಂಡು ಚಪ್ಪಾಳೆ ತಟ್ಟಲು ಎದ್ದವರು, ಬರುತ್ತಿರುವುದು ಯಾರೆಂದು ತಿಳಿಯದೆ ಹಾಗೇ ನಿಂತರು.

ಗೆರೆಯ ಹತ್ತಿರ ಅಮ್ಮ ನಿಂತಳು.

"ಸೈಕಲ್ ಬಿಡು" ಎಂದಳು. "ಇಲ್ಲಿಂದ ನಾನೊಬ್ಬಳೇ."

ಸರಿ ಎಂದೆ. ನನ್ನ ಕೈ ಬಿಡಲಿಲ್ಲ.

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ. ನನ್ನನ್ನು ಉಳಿಸಿದ್ದು ಔಷಧಿ, ಅಜ್ಜಿಯನ್ನು ಕೊಂದದ್ದು ಅವಳದೇ ಗಡ್ಡೆ. ಅದೆಲ್ಲ ಅಷ್ಟು ಸ್ಪಷ್ಟವಾಗಿ ತಿಳಿದವಳ ಕೈ ಸೀಟನ್ನು ಹಿಡಿದದ್ದು ಹಿಡಿದೇ ಇತ್ತು. ಅಕಸ್ಮಾತ್ ನಿಜವಾಗಿದ್ದರೆ? ಇವಳೂ ಮುಂದಿನ ವಸಂತಕ್ಕೆ ಇಲ್ಲದೆ ಹೋದರೆ? ಮೀರಿಮಳ ಕಾಯಿಲೆ ವಾಸಿಯಾಗಲಿ ಎಂದು ಇಷ್ಟು ದೂರ ತುಳಿದವಳು, ಆ ಗಳಿಗೆಯಲ್ಲಿ ಮೀರಿಮಳನ್ನು ಪೂರ್ತಿ ಮರೆತುಬಿಟ್ಟೆ. ನನಗೆ ನನ್ನ ಅಮ್ಮ ಬೇಕಾಗಿತ್ತು, ಬೇರೆ ಯಾರೂ ಬೇಕಾಗಿರಲಿಲ್ಲ. ಕಾಲು ಬರದೆ ಬಾಗಿಲಲ್ಲಿ ನಿಲ್ಲುವುದೆಂದರೆ ಏನೆಂದು ನನಗೆ ಆಗ ತಿಳಿಯಿತು.

ಅಮ್ಮ ತಿರುಗಿ ನನ್ನ ಮುಖ ನೋಡಿದಳು. ಬೈಯಲಿಲ್ಲ. ಹತ್ತಿರ ಬಂದು, ಸೀಟಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸೈಕಲ್ಲನ್ನು ನನ್ನ ಮೈಗೆ ಒರಗಿಸಿ, ನಿಲುವಂಗಿಯ ಅಂಚನ್ನು ಎತ್ತಿ ಹಿಡಿದುಕೊಂಡು, ಕುಂಟುತ್ತಾ ಗೆರೆ ದಾಟಿದಳು. ದಾಟಿ ಒಂದು ಗಳಿಗೆ ಅಲ್ಲೇ ನಿಂತಳು, ಕಣ್ಣು ಮುಚ್ಚಿಕೊಂಡು, ಮೈಯಲ್ಲಿ ಏನಾದರೂ ಆಗುತ್ತದೆಯೋ ಎಂದು ಕಾಯುವವಳಂತೆ. ಆಮೇಲೆ ನನ್ನ ಕಡೆ ತಿರುಗಿ ಗಾಳಿಯಲ್ಲಿ ಕೂಗಿದಳು.

"ಏನೂ ಆಗ್ಲಿಲ್ಲ ಕಣೇ! ಬಾ!"

ನಾನು ಸೈಕಲ್ಲನ್ನು ಅಲ್ಲೇ ಬೀಳಲು ಬಿಟ್ಟು ಓಡಿದೆ.